ಈ ಕಡೆಗೊಬ್ಬ, ಆ ಕಡೆಗೊಬ್ಬ

‘ಇಬ್ಬರದ್ದೂ ತಪ್ಪಿದೆ’ ಎಂದು ಯಾರಾದರೂ ಹೇಳಿದ ಕೂಡಲೇ ನಾನು ವಾದಕ್ಕೆ ನಿಲ್ಲುತ್ತೇನೆ. ನಮ್ಮ ಕಡೆ ಇದು ದೊಡ್ಡ ಮನುಷ್ಯರ ಮಾತು. ಗಂಡ ಹೆಂಡತಿಗೆ ಹೊಡೆದರೂ ಇಬ್ಬರದ್ದೂ ತಪ್ಪು, ಲಾರಿ ಬಂದು ಸೈಕಲ್ಲಿಗೆ ಗುದ್ದಿದರೂ ಇಬ್ಬರದ್ದೂ ತಪ್ಪು. ಹೇಳಿದವನು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದು ಹೋಗುತ್ತಾನೆ. ಅವನ ಪಾಲಿಗೆ ನ್ಯಾಯ ಮುಗಿಯಿತು. ಯಾರು ಮೊದಲು ಕೈ ಎತ್ತಿದ, ಯಾರು ಎತ್ತಲೇ ಇಲ್ಲ ಎಂದು ಕೇಳುವವನು ತಕರಾರಿನವನು. ಆ ತಕರಾರಿನವನು ನಾನು, ಒಪ್ಪುತ್ತೇನೆ. ಆದರೆ ನನಗೆ ಈ ಮಾತಿನ ಮೇಲೆ ಅಸಹ್ಯ ಹುಟ್ಟಿದ್ದು ಮನೆ ಜಗಳದಿಂದಲ್ಲ, ಲಾರಿಯಿಂದಲೂ ಅಲ್ಲ. ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚಿನಿಂದ.

ನಾನು ಹರಿಹರದವನು. ಡಿಗ್ರಿ ಓದಿದ್ದು ದಾವಣಗೆರೆಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬರುವುದು. ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಮಾತಾಡಿ ಕಾಲೇಜಿನಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಆ ಹೆಸರಿನ ದೆಸೆಯಿಂದಲೇ ಬೇಸಿಗೆಯ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿಗೆ ಮೈಕ್ ಹಿಡಿಯಲು ನನ್ನನ್ನು ಕರೆದರು. ಯಾರು ಬುಟ್ಟಿಗೆ ಹಾಕಿದರು, ಯಾರ ಮೇಲೆ ಫೌಲ್, ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂದು ಹೇಳುವುದು ನನ್ನ ಕೆಲಸ. ನಡುವೆ ನಡುವೆ ‘ಸೈಕಲ್‌ಗಳನ್ನು ಸ್ಟ್ಯಾಂಡಿನಲ್ಲೇ ನಿಲ್ಲಿಸಬೇಕಾಗಿ ವಿನಂತಿ.’

ಕಾಲೇಜು ಮೈದಾನದ ಮೂಲೆಯಲ್ಲಿ ಸಿಮೆಂಟಿನ ಕೋರ್ಟು. ಮಧ್ಯಾಹ್ನ ಕಾದದ್ದು ಸಂಜೆಯಾದರೂ ಬೂಟಿನೊಳಗೆ ಸುಡುತ್ತಿತ್ತು. ಮೂರು ಕಡೆ ಹಗ್ಗ, ಹಗ್ಗದಾಚೆ ಮಂಡಕ್ಕಿ ಪೊಟ್ಟಣ ಹಿಡಿದ ಜನ. ಇನ್ನೊಂದು ಕಡೆ ಶಾಮಿಯಾನ, ಶಾಮಿಯಾನದೊಳಗೆ ಸೋಫಾ, ಸೋಫಾದ ಮೇಲೆ ಕಮಿಟಿ. ಕಮಿಟಿಯ ಅಧ್ಯಕ್ಷರು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸಾಹುಕಾರರು. ಬ್ಯಾಸ್ಕೆಟ್‌ಬಾಲಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಬುಟ್ಟಿಗೆ ತಳ ಇರುವುದಿಲ್ಲ ಎಂಬುದೊಂದೇ. ಅದನ್ನೂ ಪ್ರತಿ ವರ್ಷದ ಉದ್ಘಾಟನಾ ಭಾಷಣದಲ್ಲಿ ತಮಾಷೆಯಾಗಿ ಹೇಳುತ್ತಿದ್ದರು, ಪ್ರತಿ ವರ್ಷವೂ ಸೋಫಾದವರು ನಗುತ್ತಿದ್ದರು.

ಹರಿಹರದ ಟೀಮೂ ಆಡಲು ಬಂದಿತ್ತು. ಅದರಲ್ಲಿ ನನ್ನ ಗೆಳೆಯನೊಬ್ಬ ಇದ್ದ. ಹೆಸರು ಬೇಡ, ನಂಬರ್ ಸಾಕು, ಕತೆಯೇ ನಂಬರಿನದ್ದು. ಆಗ ಈ ಆಟದಲ್ಲಿ ಜರ್ಸಿಯ ನಂಬರುಗಳು ನಾಲ್ಕರಿಂದ ಶುರುವಾಗಿ ಹದಿನೈದಕ್ಕೆ ಮುಗಿಯುತ್ತಿದ್ದವು. ಒಂದು, ಎರಡು, ಮೂರನ್ನು ರೆಫ್ರಿ ಬೆರಳಿನ ಸನ್ನೆಗಳಿಗೆ ಇಟ್ಟುಕೊಂಡಿರುತ್ತಿದ್ದ. ನಮ್ಮಲ್ಲಿ ನಾಲ್ಕು ಎಂದರೆ ಕ್ಯಾಪ್ಟನ್. ಹದಿನಾಲ್ಕು ಎಂದರೆ ಬೆಂಚಿನ ತುದಿ. ನನ್ನ ಗೆಳೆಯ ಹದಿನಾಲ್ಕು. ಅವನ ತಂದೆಗೆ ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಪಾತ್ರೆಗೆ ಕಲಾಯಿ ಹಾಕುವ ಅಂಗಡಿ. ಮನೆಮನೆಗೂ ಸ್ಟೀಲು ಬಂದ ಮೇಲೆ ಕಲಾಯಿಯನ್ನು ಕೇಳುವವರು ಕಡಿಮೆಯಾಗಿದ್ದರು. ಇವನು ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಕೋರ್ಟಿನಲ್ಲಿ ಎರಡೂ ಸೇರಿಸಿ ಬೈಗುಳ. ದೂರದಿಂದ ಬುಟ್ಟಿಗೆ ಹಾಕುವ ಕೈ ಮಾತ್ರ ಹರಿಹರದಲ್ಲಿ ಇನ್ನೊಬ್ಬನಿಗೆ ಇರಲಿಲ್ಲ. ಮತ್ತೆ ಬೆಂಚಿನ ತುದಿಯಲ್ಲಿ ಯಾಕೆ? ಟೀಮಿನ ಬಸ್ ಚಾರ್ಜು, ಬಾಲು, ನೆಟ್ಟು ಕೊಡುತ್ತಿದ್ದ ಮನೆಗಳ ಹುಡುಗರು ಮೊದಲು ಆಡಬೇಕಲ್ಲ.

ಆ ವರ್ಷ ಹರಿಹರದ ಒಂದು ಕಾರ್ಖಾನೆಯವರು ತಮ್ಮ ಟೀಮಿಗೆ ಒಬ್ಬ ಆಟಗಾರನನ್ನು ತೆಗೆದುಕೊಳ್ಳುವವರಿದ್ದರು. ಮೊದಲು ಅಪ್ರೆಂಟಿಸ್, ಆಮೇಲೆ ಪರ್ಮನೆಂಟ್. ಕಾರ್ಖಾನೆಯ ಸಾಹೇಬರೊಬ್ಬರು ಸೆಮಿಫೈನಲ್ ನೋಡಲು ಬರುತ್ತಾರೆಂದು ಸುದ್ದಿ. ಹರಿಹರದ ಕ್ಯಾಪ್ಟನ್ ಇವನಿಗೆ ಮಾತು ಕೊಟ್ಟಿದ್ದ: “ಸೆಕೆಂಡ್ ಹಾಫ್ ನಿಂದು. ಸಾಹೇಬ್ರ ಎದುರಿಗೆ ಆಡು.” ಇವನು ಎರಡು ವಾರ ಬೆಳಗಿನ ಜಾವ ಎದ್ದು ಹೊಳೆ ದಂಡೆ ಮೇಲೆ ಓಡಿದ. ತಾಯಿಗೆ ಹೇಳಿದ್ದ, ತಂದೆಗೆ ಹೇಳಿರಲಿಲ್ಲ. “ಆದ್ಮೇಲೆ ಹೇಳ್ತೀನಿ ಬಿಡು. ಆಗದಿದ್ರೆ ಅಬ್ಬಾ ನಗ್ತಾನೆ. ಬಾಲ್ ಬಡುದ್ರೆ ಯಾರು ಅನ್ನ ಹಾಕ್ತಾರೆ ಅಂತಾನೆ.”

ಇನ್ನು ರೆಫ್ರಿ. ಅವರು ಡ್ರಿಲ್ ಮೇಷ್ಟ್ರು, ಬಿಳಿ ಪ್ಯಾಂಟು, ಕುತ್ತಿಗೆಯಲ್ಲಿ ಶಿಳ್ಳೆ. ಟೂರ್ನಮೆಂಟಿಗೆ ಮುಂಚೆ ಸ್ಕೋರ್ ಬರೆಯುವ ಟೇಬಲ್ಲಿನಲ್ಲಿ ಕೂರುವ ನಮ್ಮನ್ನೆಲ್ಲ ಒಂದು ಕ್ಲಾಸಿನಲ್ಲಿ ಕೂರಿಸಿ ನಿಯಮಗಳನ್ನು ಹೇಳಿದವರು ಅವರೇ. ಚೆನ್ನಾಗಿ ಹೇಳಿದರು, ಅದನ್ನು ಅಲ್ಲಗಳೆಯುವುದಿಲ್ಲ. ಮೈದಾನದಲ್ಲಿ ಹೊಡೆದಾಟ ಆದರೆ ಏನು ಮಾಡಬೇಕು ಎಂಬುದಕ್ಕೇ ಅರ್ಧ ಕಪ್ಪು ಹಲಗೆ ತುಂಬಿಸಿದ್ದರು. “ಇಬ್ಬರು ರೆಫ್ರಿ ಇರ್ತಾರೆ. ಹತ್ತಿರ ಇದ್ದೋನು ಶಿಳ್ಳೆ ಊದಿ ಬಿಡಿಸಾಕೆ ಹೋಗ್ಬೇಕು. ಇನ್ನೊಬ್ಬ ಹೋಗಬಾರ್ದು. ದೂರ ನಿಂತು ನೋಡ್ಬೇಕು. ಯಾವ ನಂಬರ್ ಹೊಡೀತು, ಯಾವ ನಂಬರ್ ತಿರುಗಿ ಹೊಡೀತು, ಬೆಂಚಿಂದ ಯಾವ ನಂಬರ್ ಎದ್ದು ಬಂತು. ಬಿಡ್ಸೋಕೆ ಯಾರ್ ಬೇಕಾದ್ರೂ ಬರ್ತಾರೆ. ನೋಡೋಕೆ ನೀನೊಬ್ನೇ ಇರೋದು.” ಹೊಡೆದವನನ್ನು ಹೊರಗೆ ಹಾಕುವುದು, ಅದಕ್ಕೆ ಸನ್ನೆ ಎರಡೂ ಮುಷ್ಟಿ ಮೇಲೆತ್ತುವುದು. ಹೊರಗೆ ಹಾಕಿಸಿಕೊಂಡವನು ಬೆಂಚಿನಲ್ಲೂ ಕೂರುವಂತಿಲ್ಲ, ಕೋರ್ಟಿನ ಆಸುಪಾಸಿನಲ್ಲೂ ಇರುವಂತಿಲ್ಲ. ಹೊಡೆಸಿಕೊಂಡ ಟೀಮಿಗೆ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದೆ ಬುಟ್ಟಿಗೆ ಎಸೆಯುವ ಅವಕಾಶ. ಎರಡೂ ಕಡೆಯವರು ಒಟ್ಟಿಗೇ ಕೈ ಮಾಡಿದರೆ ಮಾತ್ರ ಡಬಲ್ ಫೌಲ್. ಫ್ರೀ ಥ್ರೋ ಇಲ್ಲ, ಇಬ್ಬರ ನಡುವೆ ಬಾಲನ್ನು ಮೇಲಕ್ಕೆ ಎಸೆದು ಜಂಪ್ ಬಾಲ್. ನನಗೆ ಇದು ಬಹಳ ಇಷ್ಟವಾಯಿತು. ಚರ್ಚಾಸ್ಪರ್ಧೆಯ ತೀರ್ಪುಗಾರರಿಗೆ ಕೂಡ ಇಷ್ಟು ನಿಯಮ ಇರಲಿಲ್ಲ. ಅವರು ಇಬ್ಬರೂ ಚೆನ್ನಾಗಿ ಮಾತಾಡಿದ್ದಾರೆ ಎಂದು ಫಲಕವನ್ನು ಆರಾರು ತಿಂಗಳು ಇಟ್ಟುಕೊಳ್ಳಲು ಹೇಳುತ್ತಿದ್ದರು.

ಸೆಮಿಫೈನಲ್ ಹರಿಹರಕ್ಕೂ ದಾವಣಗೆರೆಯ ಟೀಮಿಗೂ. ಕಾರ್ಖಾನೆಯ ಸಾಹೇಬರು ನಿಜವಾಗಿ ಬಂದರು. ಸಫಾರಿ ಸೂಟು, ಕಪ್ಪು ಕನ್ನಡಕ. ಸಾಹುಕಾರರು ಪಕ್ಕದಲ್ಲೇ ಕೂರಿಸಿಕೊಂಡು ತಂಪು ಪಾನೀಯ ತರಿಸಿದರು. ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೆ ಹರಿಹರ ಎರಡು ಪಾಯಿಂಟ್ ಮುಂದಿತ್ತು. ಕ್ಯಾಪ್ಟನ್ ಸನ್ನೆ ಮಾಡಿದ. ನನ್ನ ಗೆಳೆಯ ಮೇಲಂಗಿ ತೆಗೆದು ಟೇಬಲ್ಲಿಗೆ ಬಂದು ಹದಿನಾಲ್ಕು ಒಳಗೆ ಎಂದು ಹೇಳಿ, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಆಟ ನಿಂತು ರೆಫ್ರಿ ಕೈಬೀಸಿ ಕರೆಯುವವರೆಗೆ ಹಾಗೆ ಕಾಯಬೇಕು. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

“ಲೇ, ನನ್ ನಂಬರ್ ಜೋರಾಗಿ ಹೇಳಪ್ಪ,” ಅಂದ. “ಸಾಹೇಬ್ರಿಗೆ ಕೇಳ್ಬೇಕು.”

“ಹರಿಹರಕ್ಕೇ ಕೇಳಂಗೆ ಹೇಳ್ತೀನಿ.”

“ಬ್ಯಾಡ ಬ್ಯಾಡ, ಅಬ್ಬಾಗೆ ಕೇಳ್ತೈತೆ.”

ಅಷ್ಟರಲ್ಲಿ ಬುಟ್ಟಿಯ ಕೆಳಗೆ ಬಾಲಿಗೆ ನಾಲ್ಕೈದು ಜನ ಹಾರಿದರು. ದಾವಣಗೆರೆಯ ಹನ್ನೊಂದನೇ ನಂಬರು, ಆರಡಿ ಆಳು, ಸಾಹುಕಾರರ ಅಣ್ಣನ ಮಗ. ಕೆಳಗೆ ಇಳಿದವನೇ ಹರಿಹರದ ಆರನೇ ನಂಬರಿನ ಬಾಯಿಗೆ ಮುಷ್ಟಿಯಿಂದ ಹೊಡೆದ. ಮೊಣಕೈ ತಾಗಿದ್ದಲ್ಲ, ಆಕಸ್ಮಿಕ ಅಲ್ಲ. ಬಾಲು ಆಗಲೇ ಬೇರೆ ಕಡೆ ಹೋಗಿತ್ತು. ಆರನೇ ನಂಬರು ತುಟಿ ಒರೆಸಿಕೊಂಡು ರಕ್ತ ನೋಡಿ, ತಿರುಗಿ ಎರಡು ಕೊಟ್ಟ. ಮುಂದಿನದ್ದು ಗೊತ್ತಲ್ಲ. ಎರಡೂ ಬೆಂಚು ಖಾಲಿ. ಹಗ್ಗದಾಚೆಯವರೂ ಒಳಗೆ. ಮಂಡಕ್ಕಿ ಸಿಮೆಂಟಿನ ಮೇಲೆ ಚೆಲ್ಲಿ ಅದರ ಮೇಲೇ ಜಾರಿ ಬಿದ್ದು ಹೊಡೆದಾಡಿದರು. ಡ್ರಿಲ್ ಮೇಷ್ಟ್ರು ಶಿಳ್ಳೆ ಊದುತ್ತಾ ನುಗ್ಗಿದರು. ದೂರ ನಿಂತು ನೋಡಬೇಕಾಗಿದ್ದ ಎರಡನೇ ರೆಫ್ರಿ, ಮೇಷ್ಟ್ರ ಹಳೇ ಶಿಷ್ಯ, ಅವನೂ ನುಗ್ಗಿದ. ಹಾಗಾಗಿ ನೋಡುವವರು ಯಾರೂ ಉಳಿಯಲಿಲ್ಲ.

ಎದ್ದು ಹೋಗದೆ ಉಳಿದ ಆಟಗಾರ ಒಬ್ಬನೇ. ನನ್ನ ಕುರ್ಚಿಯ ಪಕ್ಕದವನು. ಕರೆಯದೆ ಒಳಗೆ ಹೋದರೆ ತನಗೆ ಫೌಲ್ ಬೀಳುತ್ತದೆ, ಸಾಹೇಬರು ನೋಡುತ್ತಿದ್ದಾರೆ ಎಂಬ ಭಯ ಅವನಿಗೆ. ಲೇಸಿನ ಎರಡೂ ತುದಿ ಕೈಯಲ್ಲಿ ಹಿಡಿದು ಕೂತೇ ಇದ್ದ.

ಎಲ್ಲ ತಣ್ಣಗಾದ ಮೇಲೆ ಸಾಹುಕಾರರು ಶಾಮಿಯಾನದಿಂದ ಇಳಿದು ಬಂದರು. ನಿಯಮದ ಪ್ರಕಾರ ಅವರು ಕೋರ್ಟಿಗೆ ಕಾಲಿಡುವಂತಿಲ್ಲ. ಆದರೆ ಕೋರ್ಟಿನ ಸಿಮೆಂಟು ಅವರದ್ದು. “ಆಗಿದ್ದಾತು ಬಿಡ್ರಿ ಮೇಷ್ಟ್ರೇ. ಹುಡುಗ್ರು, ಬಿಸಿ ರಕ್ತ. ಇಬ್ರದ್ದೂ ತಪ್ಪೈತೆ. ಈ ಕಡಿಗೊಬ್ಬ, ಆ ಕಡಿಗೊಬ್ಬ ಹೊರಗೆ ಹೋಗ್ಲಿ. ಮುಗೀತಲ್ಲ?”

ಮೇಷ್ಟ್ರು ತಲೆಯಾಡಿಸಿ ಎರಡೂ ಕ್ಯಾಪ್ಟನ್‌ಗಳನ್ನು ಕರೆದರು. ಆಮೇಲೆ ಅವರ ಬಾಯಿಂದ ಬಂದ ಮಾತು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. “ಯಾರ್ನ ಕಳಿಸ್ತೀರಿ? ನೀವೇ ಹೇಳ್ರಿ.”

ಅಂದರೆ ಏನು? ಶಿಕ್ಷೆ ರೆಫ್ರಿಯದ್ದು, ಅಪರಾಧಿಯ ಆಯ್ಕೆ ಟೀಮಿನದ್ದು! ಪೊಲೀಸರು ಮನೆಗೆ ಬಂದು, ಕಳವಾಗಿದೆ, ನಿಮ್ಮಲ್ಲಿ ಬೇಡವಾದವರು ಯಾರಾದರೂ ಇದ್ದರೆ ಕಳಿಸಿಕೊಡಿ ಎಂದ ಹಾಗೆ.

ದಾವಣಗೆರೆಯ ಕ್ಯಾಪ್ಟನ್ ಯೋಚಿಸಲೇ ಇಲ್ಲ. ಹದಿನೈದನೇ ನಂಬರನ್ನು ತೋರಿಸಿದ. ಅವನು ಜ್ವರದವನು, ಹನ್ನೆರಡು ಜನ ತುಂಬಿಸಲು ಬಂದವನು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ಸಂತೋಷವಾಗಿ ಎದ್ದು ಹೋಗಿ ಹಗ್ಗದಾಚೆ ಮೆಣಸಿನಕಾಯಿ ಬಜ್ಜಿಯವನ ಹತ್ತಿರ ನಿಂತ. ಹರಿಹರದ ಕ್ಯಾಪ್ಟನ್ ತನ್ನವರನ್ನು ಒಮ್ಮೆ ನೋಡಿದ. ತುಟಿ ಒಡೆದ ಆರನೇ ನಂಬರ್ ಅವನಿಗೆ ಬೇಕು, ಪಾಯಿಂಟ್ ಬರುವುದು ಅವನಿಂದ. ಬೆಂಚಿನವರ ಮನೆಯವರಲ್ಲಿ ಒಬ್ಬರು ಬಾಲು ಕೊಟ್ಟವರು, ಇನ್ನೊಬ್ಬರು ನೆಟ್ಟು ಕೊಟ್ಟವರು. ಆಮೇಲೆ ಅವನ ಕಣ್ಣು ಟೇಬಲ್ಲಿನ ಕಡೆ ಬಂತು.

“ಇವ್ನು ಹೆಂಗೂ ಆಡ್ತಾ ಇರ್ಲಿಲ್ಲ ಸರ್,” ಅಂದ. “ಹದಿನಾಲ್ಕು.”

ಅವನಿಗೆ ಹೇಳುವವರು ಕೇಳುವವರು ಇಲ್ಲವೆಂದು ಹಾಗೆ ಮಾಡಿದರೋ, ಅವನ ಮನೆಯ ಮಾತು ಬೇರೆ ಎಂದು ಮಾಡಿದರೋ, ನಾನು ಹೇಳಲಾರೆ. ಸಾಕ್ಷಿ ಇಲ್ಲದ ಮಾತನ್ನು ವಾದಕ್ಕೆ ತರಬಾರದೆಂದು ಕಲಿತವನು ನಾನು. ಕಂಡದ್ದನ್ನು ಮಾತ್ರ ಹೇಳುತ್ತೇನೆ: ಮೇಷ್ಟ್ರು ಎರಡೂ ಮುಷ್ಟಿ ಮೇಲೆತ್ತಿದರು, ಕ್ಲಾಸಿನಲ್ಲಿ ತೋರಿಸಿದ ಹಾಗೆಯೇ, ನೆಟ್ಟಗೆ.

ನಾನು ಮೈಕನ್ನು ಟೇಬಲ್ ಮೇಲೆ ಮಲಗಿಸಿ ಎದ್ದೆ. “ಸರ್, ಇವ್ನು ಏನು ಮಾಡ್ದ?”

“ಏನೂ ಮಾಡಿಲ್ಲಪ್ಪ.”

“ಮತ್ತೆ?”

“ಏನೂ ಮಾಡಿಲ್ಲ, ಅದಕ್ಕೇ ತೊಂದ್ರಿ ಇಲ್ಲ. ಮಾಡಿದೋರ್ನ ಕಳಿಸಿದ್ರೆ ಇಲ್ಲಿ ಇನ್ನೊಂದ್ ಸಲ ಶುರು ಆಗ್ತೈತೆ.”

ಚರ್ಚೆಯಲ್ಲಿ ಎದುರಾಳಿ ತಾನಾಗಿ ಇಂಥ ಮಾತು ಹೇಳಿದರೆ ನಾವು ಕುಣಿದಾಡುತ್ತಿದ್ದೆವು. ಒಪ್ಪಿಕೊಂಡ ಮೇಲೆ ಗೆದ್ದ ಹಾಗೆಯೇ. ಇಲ್ಲಿ ಒಪ್ಪಿಕೊಂಡವರ ಮುಖದಲ್ಲಿ ಒಂದಿಷ್ಟೂ ಸಂಕೋಚ ಇರಲಿಲ್ಲ.

“ನೋಡೋನು ಒಬ್ಬ ಇರ್ಬೇಕು ಅಂತ ನೀವೇ ಹೇಳಿದ್ರಿ ಸರ್. ನೋಡ್ದೇ ಹೆಂಗೆ ಹೊರಗೆ ಹಾಕ್ತೀರಿ?”

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಾಗಿದರು. ಬೆವರು, ಚಾಕ್‌ಪೀಸು, ಎಲೆ ಅಡಿಕೆ, ಎಲ್ಲ ಸೇರಿದ ವಾಸನೆ. “ನೋಡಿಲ್ಲ ಅಂದೋರ್ಯಾರು? ಹನ್ನೊಂದು ಮೊದಲು ಹೊಡೀತು, ಆರು ತಿರುಗಿ ಹೊಡೀತು. ಸಾಕಾ? ಹೋದ ವರ್ಷ ಕಬಡ್ಡಿನಾಗೆ ಸರಿಯಾಗಿ ತೀರ್ಪು ಕೊಟ್ಟೆ ಅಂತ ಕಲ್ಲು ಹೊಡೆಸ್ಕೊಂಡೋನು ನಾನು. ನಿನ್ ಕಾಲೇಜು ಮುಗುದ್ರೆ ನೀನು ಹೋಗ್ತಿ. ನಾನು ಇದೇ ಊರಾಗೆ ಶಿಳ್ಳೆ ಊದ್ಬೇಕು. ನ್ಯಾಯ ಬೇಕೋ, ಮ್ಯಾಚ್ ಮುಗೀಬೇಕೋ?”

ಕುರುಡ ರೆಫ್ರಿಯನ್ನು ನಾನು ಕ್ಷಮಿಸುತ್ತಿದ್ದೆ. ಇವರು ಎಲ್ಲ ನೋಡಿದ್ದರು, ನಂಬರ್ ಸಮೇತ. ಗೊತ್ತಿಲ್ಲದವನ ತಪ್ಪಿಗಿಂತ ಗೊತ್ತಿದ್ದವನ ಈ ಶಾಂತ ಧ್ವನಿ ಹೆಚ್ಚು ಅಸಹ್ಯ.

ನಾನು ಇನ್ನೂ ಜೋರಾಗಿ ಶುರು ಮಾಡಿದೆ. “ಹಂಗಾದ್ರೆ ಹದಿನಾಲ್ಕನೇ ನಂಬರ್ ಮೇಲೆ ಯಾವ ಫೌಲ್ ಬರೀಬೇಕು? ಹದಿನಾಲ್ಕನೇ ನಂಬರ್ ಎಲ್ಲಿದ್ದ ಅಂತ ಈ ಟೇಬಲ್ಲಿನವರನ್ನೆಲ್ಲ ಕೇಳ್ರಿ. ಹದಿನಾಲ್ಕನೇ ನಂಬರ್—”

ಕೆಳಗಿನಿಂದ ಯಾರೋ ಪ್ಯಾಂಟ್ ಎಳೆದರು. ಗೆಳೆಯ. “ಲೇ ದೋಸ್ತ, ಸುಮ್ನಿರೋ. ನೀನು ಹದಿನಾಲ್ಕು ಹದಿನಾಲ್ಕು ಅಂತ ಕೂಗಿದಷ್ಟೂ ಆ ಸಾಹೇಬ್ರು ಇತ್ಲಾಗೇ ನೋಡ್ತಾರೆ.”

ನೋಡಿದೆ. ಕಪ್ಪು ಕನ್ನಡಕ ನಮ್ಮ ಕಡೆಗೇ ತಿರುಗಿತ್ತು.

ನಾನು ಅನೌನ್ಸ್ ಮಾಡುವುದಿಲ್ಲ ಎಂದೆ. ಅದರಿಂದ ಏನೂ ನಿಲ್ಲಲಿಲ್ಲ. ಸಾಹುಕಾರರು ತಾವೇ ಮೈಕ್ ಎತ್ತಿಕೊಂಡು ಎರಡು ಸಲ ಊದಿ, “ಎರಡೂ ತಂಡದವರು ಕ್ರೀಡಾ ಮನೋಭಾವದಿಂದ ತಲಾ ಒಬ್ಬ ಆಟಗಾರನನ್ನು ಹಿಂದಕ್ಕೆ ಕರೆಸಿಕೊಂಡು ಉದಾರತೆ ತೋರಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಬೇಕು” ಎಂದರು. ತಟ್ಟಿದರು! ಈಗಷ್ಟೇ ಒಳಗೆ ನುಗ್ಗಿ ಹೊಡೆದಾಡಿದವರೇ ಹಗ್ಗದಾಚೆ ನಿಂತು ತಟ್ಟಿದರು. ಆ ಚಪ್ಪಾಳೆಯ ನಡುವೆ ನನ್ನ ಗೆಳೆಯ ಮೇಲಂಗಿ ಹೆಗಲಿಗೆ ಹಾಕಿಕೊಂಡು, ಲೇಸು ಕಟ್ಟದ ಬೂಟು ಎಳೆಯುತ್ತಾ ಸೈಕಲ್ ಸ್ಟ್ಯಾಂಡಿನ ಕಡೆ ಹೋದ. ಬೆಂಚಿನಲ್ಲೂ ಕೂರುವಂತಿರಲಿಲ್ಲ. ಆ ನಿಯಮವನ್ನು ಮಾತ್ರ ಮೇಷ್ಟ್ರು ಬೆರಳು ತೋರಿಸಿ ಪಾಲಿಸಿದರು.

ಇಬ್ಬರದ್ದೂ ತಪ್ಪು ಎಂದ ಮೇಲೆ ಫ್ರೀ ಥ್ರೋ ಇಲ್ಲ, ಜಂಪ್ ಬಾಲ್. ಜಂಪ್ ಬಾಲಿಗೆ ನಡುವಿನ ವೃತ್ತಕ್ಕೆ ಬಂದವರು ಯಾರು? ದಾವಣಗೆರೆಯ ಹನ್ನೊಂದು, ಹರಿಹರದ ಆರು. ಹೊಡೆದಾಡಿದ ಅದೇ ಇಬ್ಬರು. ನಡುವೆ ಬಾಲು ಹಿಡಿದು ಮೇಷ್ಟ್ರು. ಜನ ಖುಷಿಯಿಂದ ಶಿಳ್ಳೆ ಹೊಡೆದರು.

ಹರಿಹರ ಗೆದ್ದಿತು, ಎಷ್ಟಕ್ಕೆ ಎಂಬುದು ನನಗೆ ನೆನಪಿಲ್ಲ. ಮ್ಯಾಚ್ ಮುಗಿದ ಕೂಡಲೇ ನಾನು ಕಾರ್ಖಾನೆಯ ಸಾಹೇಬರ ಹತ್ತಿರ ಹೋದೆ. ಕಾರಿನ ಬಾಗಿಲು ತೆಗೆಯುತ್ತಿದ್ದರು.

“ಸರ್, ಹದಿನಾಲ್ಕನೇ ನಂಬರ್ ಹುಡುಗ—”

“ಹೊರಗೆ ಹಾಕಿದ್ರಲ್ಲ, ಅವನಾ?”

“ಅವನು ಕೂತ ಜಾಗ ಬಿಟ್ಟು ಎದ್ದೇ ಇಲ್ಲ ಸರ್. ನನ್ನ ಪಕ್ಕದಲ್ಲೇ ಇದ್ದ.”

“ಹಂಗಾದ್ರೆ ಯಾಕೆ ಹಾಕಿದ್ರು?”

ಯಾಕೆ ಎಂಬುದನ್ನು ಹೇಳಿದೆ. ಕ್ರಮವಾಗಿ, ಒಂದಾದ ಮೇಲೊಂದು. ಮೊದಲ ಬಹುಮಾನಗಳನ್ನು ಗೆದ್ದ ಭಾಷಣಗಳಿಗಿಂತ ಅದು ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿದರು.

“ನೋಡಪ್ಪ, ನೀನು ಚಲೋ ಮಾತಾಡ್ತಿ. ಆದ್ರೆ ನಾನು ಹೋಗಿ ಮೇಲಿನೋರಿಗೆ ಹೇಳ್ಬೇಕಲ್ಲ? ಹೊಡೆದಾಟದಾಗೆ ರೆಫ್ರಿ ಹೊರಗೆ ಹಾಕಿದ ಹುಡುಗನ್ನ ತಂದೀನಿ ಅಂತ ಹೇಳ್ಲಾ? ಮೊದಲೇ ಯೂನಿಯನ್ನು, ಗೇಟ್ ಮುಂದೆ ದಿನಾ ಗಲಾಟೆ. ಜಗಳಗಂಟ್ರು ನಮಗೆ ಬ್ಯಾಡ.” ಕಾರಿನೊಳಗೆ ಕೂತ ಮೇಲೆ ಗಾಜು ಇಳಿಸಿದರು. “ಆ ಆರನೇ ನಂಬರ್ ಹುಡುಗನಿಗೆ ಸೋಮವಾರ ಬಂದು ನನ್ನ ಕಾಣಾಕೆ ಹೇಳು.”

ಆ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟಲ್ಲ. ಸಿಟ್ಟಿಗೆ ಒಂದು ಮರ್ಯಾದೆ ಇದೆ, ಯಾರ ಮೇಲಾದರೂ ಹಾಕಬಹುದು. ಇದು ಎಣ್ಣೆಯ ಕೈ ಹಿಡಿದ ಹಾಗೆ; ಎಷ್ಟು ಒರೆಸಿಕೊಂಡರೂ ಹೋಗುತ್ತಿರಲಿಲ್ಲ. ಯಾರನ್ನು ಬೈಯಲಿ? ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು, ಒಂದೊಂದೂ ಕೇಳಲು ಸರಿಯಾಗಿಯೇ ಇತ್ತು.

ಹರಿಹರದ ಬಸ್ಸಿನಲ್ಲಿ ಟೀಮಿನವರು ಹಿಂದಿನ ಸೀಟಿನಲ್ಲಿ ಕೂಗಾಡುತ್ತಿದ್ದರು. ಆರನೇ ನಂಬರಿನವನಿಗೆ ಸೋಮವಾರದ ಸುದ್ದಿಯನ್ನು ನಾನೇ ಮುಟ್ಟಿಸಿದೆ, ಗೆಳೆಯನಿಗೆ ಅದು ಬೇರೆ ಯಾರ ಬಾಯಿಂದಲೋ ತಿಳಿಯುವ ಬದಲು ನನ್ನ ಬಾಯಿಂದಲೇ ತಿಳಿಯಲಿ ಎಂದು ಅವನ ಎದುರಿಗೇ. ಊದಿದ ತುಟಿಯಲ್ಲೇ ಅವನು ನಕ್ಕ. ಗೆಳೆಯ ಕಿಟಕಿಯಾಚೆ ನೋಡಿದ. ದಾರಿಯ ಬಾತಿ ಗುಡ್ಡ ಹಿಂದೆ ಸರಿಯಿತು.

ಕ್ಯಾಪ್ಟನ್ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. “ಬೇಜಾರ್ ಮಾಡ್ಕಬ್ಯಾಡಲೇ. ನಿನ್ನಿಂದ್ಲೇ ನಾವು ಗೆದ್ದಿದ್ದು. ಮುಂದಿನ ವರ್ಷ ಪೂರ್ತಿ ಮ್ಯಾಚ್ ನಿಂದು.”

ಗೆಳೆಯ ಮೇಲಂಗಿ ಬಿಚ್ಚಿ ಒಳಗಿನ ಜರ್ಸಿಯನ್ನು ತಲೆಯ ಮೇಲಿಂದ ಎಳೆದು ತೆಗೆದ. ಮಡಿಸಿ ಕ್ಯಾಪ್ಟನ್ನನ ಕೈಗೆ ಕೊಟ್ಟ.

“ಇಟ್ಕೋ. ಮುಂದಿನ ಸಲ ಹೊರಗೆ ಕಳ್ಸೋಕೆ ಬೇಕಾಗ್ತೈತೆ.”

ಅವನು ಮತ್ತೆ ಆಡಲಿಲ್ಲ. ಅಂಗಡಿಯಲ್ಲೇ ಕೂತ, ಕಲಾಯಿ ಬಿಟ್ಟು ಸ್ಟವ್ ರಿಪೇರಿ ಶುರು ಮಾಡಿದ್ದಾನೆ. ತಂದೆಗೆ ಆ ವಿಷಯ ಗೊತ್ತಾಗಲೇ ಇಲ್ಲ, ನಗುವ ಪ್ರಸಂಗವೂ ಬರಲಿಲ್ಲ. ನಾನು ಆ ಕಡೆ ಹೋದರೆ, “ಏನಪ್ಪಾ ಮೈಕು, ಬಾ, ಕೂಡು” ಎಂದು ಚಾ ತರಿಸುತ್ತಾನೆ. 

ಆದರೆ ಸಾಹುಕಾರರ ತೀರ್ಪು ಊರಿಗೆ ಬಹಳ ಹಿಡಿಸಿತು. ಕಲ್ಲು ಬೀಳದೆ ಮ್ಯಾಚ್ ಮುಗಿಯಿತಲ್ಲ! ಮುಂದಿನ ವರ್ಷದ ಟೂರ್ನಮೆಂಟಿಗೆ ಅದು ಪದ್ಧತಿಯೇ ಆಗಿಹೋಗಿತ್ತು. ಹೊಡೆದಾಟ ಆದರೆ ರೆಫ್ರಿ ಶಿಳ್ಳೆ ಊದಿ ಕ್ಯಾಪ್ಟನ್‌ಗಳ ಮುಖ ನೋಡುವುದು, ಅವರು ಬೆಂಚಿನ ತುದಿ ನೋಡುವುದು. ಟೀಮುಗಳೂ ಬುದ್ಧಿ ಕಲಿತವು. ಆಡಲು ಬಾರದ ಒಬ್ಬನನ್ನು ಹೊರಗೆ ಹೋಗಲಿಕ್ಕೆಂದೇ ಕರೆತರತೊಡಗಿದವು. ಅವನಿಗೆ ಬಸ್ ಚಾರ್ಜು, ದೋಸೆ. ಹೊಡೆಯುವವರು ನಿಶ್ಚಿಂತೆಯಿಂದ ಹೊಡೆದರು.

ನಾನು ಮೈಕ್ ಹಿಡಿಯಲು ಹೋಗಲಿಲ್ಲ, ಅವರು ಕರೆಯಲೂ ಇಲ್ಲ. ಸುಮ್ಮನೆ ಹಗ್ಗದ ಹತ್ತಿರ ನಿಂತಿದ್ದೆ. ಹರಿಹರದ ಕ್ಯಾಪ್ಟನ್ ಅವಸರದಿಂದ ಹುಡುಕಿಕೊಂಡು ಬಂದ. ಕೈಯಲ್ಲಿ ಅದೇ ಜರ್ಸಿ, ಹದಿನಾಲ್ಕು.

“ಲೇ, ಒಬ್ಬ ಕಡಿಮಿ ಆಗ್ಯಾನೆ. ನೀನು ಇದನ್ನ ಹಾಕ್ಕೊಂಡು ಕೂತ್ಕೋ.”

“ನನಗೆ ಆಡೋಕೆ ಬರಲ್ಲ.”

“ಆಡು ಅಂದೋರ್ಯಾರು? ಕೂತ್ರೆ ಸಾಕು. ಕರೆದಾಗ ಎದ್ದು ಹೋಗು.”

  ಜರ್ಸಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ಅವನಿಗೇ ವಾಪಸ್ ಕೊಟ್ಟೆ. ಹಳೇ ಜರ್ಸಿ, ಆದರೆ ನಂಬರಿನ ಬಣ್ಣ ಹಾಗೇ ಇತ್ತು. ಬೆವರಿನ ವಾಸನೆ ಇರಲಿಲ್ಲ. ಅದನ್ನು ಹಾಕಿಕೊಂಡು ಯಾರೂ ಇನ್ನೂ ಆಡಿರಲಿಲ್ಲ.